ಬಿರಡೆಗೆ ಸುತ್ತಿದ ಅಂಗಿ

"ಏ ಮುಂಡೆ, ಗೋಡೆಗೇನು ಮುತ್ತು ಕೊಡ್ತಿದೀಯಾ? ಬೇಗ ಬೇಗ ಒರೆಸೇ," ಎಂದು ಮೇಸ್ತ್ರಿ ಸುರಂಗದ ಆ ತುದಿಯಿಂದ ಕೂಗಿದ.

ಮೇಸ್ತ್ರಿಯ ಬಾಯಿಗೆ ಎಲ್ಲ ಹೆಂಗಸರೂ ಮುಂಡೆಯರೇ. ಗಂಡ ಇದ್ದವಳು, ಇಲ್ಲದವಳು, ಮದುವೆಯೇ ಆಗದವಳು ಎಂಬ ಭೇದ ಅವನಿಗಿರಲಿಲ್ಲ. ಮೊದಲೆಲ್ಲ ಅವನು ಗೋಡೆ ಒರೆಸುವ ಅವಳನ್ನು ಹಾಗೆ ಕೂಗಿದಾಗ ಅವಳ ಗಂಡ ಕೂತಲ್ಲಿಂದಲೇ, "ಮೇಸ್ತ್ರಿ, ನಾನಿನ್ನೂ ಉಸಿರಾಡ್ತಾ ಇದೀನಿ ಕಣಪ್ಪಾ," ಎನ್ನುತ್ತಿದ್ದ. ಸುರಂಗವೆಲ್ಲ ನಗುತ್ತಿತ್ತು, ಮೇಸ್ತ್ರಿಯೂ ನಗುತ್ತಿದ್ದ. ಇವತ್ತು ಅವನು ಕೂರುತ್ತಿದ್ದ ಜಾಗ ಖಾಲಿಯಿತ್ತು. ಜೊತೆಗೆ ಒರೆಸುತ್ತಿದ್ದ ಮೂವರು ಹೆಂಗಸರು ತಲೆ ತಗ್ಗಿಸಿದರು. ಆಡಿದ್ದು ಏನೆಂದು ಮೇಸ್ತ್ರಿಗೂ ಹೊಳೆದಿರಬೇಕು. ಕೆಮ್ಮಿ ಸಿಗರೇಟು ಹಚ್ಚಿದ. ಮಾತನ್ನೇನೂ ವಾಪಸ್ಸು ತೆಗೆದುಕೊಳ್ಳಲಿಲ್ಲ.

ಎರಡು ಬೆಟ್ಟಗಳ ನಡುವೆ ನಿಂತ ಆ ಅಣೆಕಟ್ಟೆಯ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಸುರಂಗವಿದೆ. ಕಟ್ಟೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಅದು ಇರುವುದೇ ಗೊತ್ತಿಲ್ಲ. ಒಳಕ್ಕೆ ಜಿನುಗಿದ ನೀರು ಅಲ್ಲೇ ಕೂತು ಒತ್ತದೆ ಹರಿದುಹೋಗಲಿ ಎಂದು, ಕಟ್ಟಿದವರೇ ಸುರಂಗದ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಸಾಲಾಗಿ ಮುಷ್ಟಿ ಗಾತ್ರದ ತೂತುಗಳನ್ನಿಟ್ಟಿದ್ದಾರೆ. ನೀರು ಸ್ವಲ್ಪ ಬಂದರೆ ಕಟ್ಟೆಗೆ ಆರೋಗ್ಯ, ವರ್ಷದಿಂದ ವರ್ಷಕ್ಕೆ ಹೆಚ್ಚಿದರೆ ರೋಗ. ಹೆಚ್ಚುತ್ತಿತ್ತು. ಸುರಕ್ಷತಾ ಸಮಿತಿಗೆ ಅದು ಕಂಡರೆ ಜಲಾಶಯ ಖಾಲಿ ಮಾಡಿಸಿ ರಿಪೇರಿಗೆ ಹಚ್ಚುತ್ತಾರೆ, ಕರೆಂಟು ನಿಲ್ಲುತ್ತದೆ, ಮ್ಯಾನೇಜರನ ಕುರ್ಚಿ ಅಲ್ಲಾಡುತ್ತದೆ. ಹಾಗಾಗಿ ಸಮಿತಿ ಬರುವ ಹೊತ್ತಿಗೆ ತೂತುಗಳಿಗೆ ಬಿರಡೆ ಬೀಳುತ್ತಿತ್ತು, ಗೋಡೆ ಒರೆಸಿ ಒಣಗಿಸಲಾಗುತ್ತಿತ್ತು. ಸಮಿತಿಯ ಜೀಪು ತಿರುವು ದಾಟಿದ ಮೇಲೆ ಬಿರಡೆಗಳನ್ನು ಕೀಳುತ್ತಿದ್ದರು.

ಮರದ ಬಿರಡೆ ಕೆತ್ತುವವನು ಅವಳ ಗಂಡ. ಅವುಗಳಿಗೆ ಹಳೇ ಬಟ್ಟೆ ಸುತ್ತುವವಳು ಅವಳು. ಅವನನ್ನು ಎಲ್ಲರೂ ಬಿರಡೆ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರನ್ನು ಅವಳೇ ಒಮ್ಮೊಮ್ಮೆ ಮರೆಯುತ್ತಿದ್ದಳು. "ಕಟ್ಟೆಗೂ ಉಚ್ಚೆ ಬರುತ್ತೆ ಕಣೇ," ಎನ್ನುತ್ತಿದ್ದ ಅವನು. "ದೊಡ್ಡೋರು ಬಂದಾಗ ಬಿಗಿ ಹಿಡ್ಕೋಬೇಕು, ಅಷ್ಟೆ." ಕೀಳುವಾಗ ಮಾತ್ರ ತಮಾಷೆ ಇರುತ್ತಿರಲಿಲ್ಲ. ತೂತಿನ ಎದುರಿಗೆ ಯಾರನ್ನೂ ಬಿಡುತ್ತಿರಲಿಲ್ಲ. ತಾನೂ ಓರೆಗೆ ನಿಂತು, ಎಡಕ್ಕೊಂದು ಬಲಕ್ಕೊಂದು ಸುತ್ತಿಗೆ ಏಟು ಹಾಕುತ್ತಿದ್ದ. "ಪಕ್ಕಕ್ಕೆ ನಿಂತ್ಕೋ. ಇದಕ್ಕೆ ಗಂಡ ಹೆಂಡ್ತಿ ಅಂತ ಗೊತ್ತಾಗಲ್ಲ."

ಒಂದು ಸಲ ಒಂದು ಬಿರಡೆ ಸಡಿಲವಾಗಿ, ಸಮಿತಿಯವರೊಬ್ಬರ ಬೂಟಿನ ಮೇಲೆ ನೀರು ತೊಟ್ಟಿಕ್ಕಿತು. ಕೊಳಾಯಿ ಸೋರಿಕೆ ಎಂದು ಹೇಳಿ ಮ್ಯಾನೇಜರ್ ಅವಳನ್ನು ಕರೆದ. ಬಟ್ಟೆ ತರಲು ಹೊರಟವಳನ್ನು ತಡೆದು, "ಬಟ್ಟೆ ಯಾಕೆ, ಸೆರಗಿಲ್ವಾ?" ಎಂದ. ಗಂಡನ ಎದುರಿಗೇ ಅವಳು ಮಂಡಿಯೂರಿ ಸೆರಗಿನಲ್ಲಿ ಬೂಟು ಒರೆಸಿದಳು. ಅವನು ಕೈಯಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತ ನಿಂತಿದ್ದ. ಆ ಸಂಜೆ ಅವನು ಊಟ ಮಾಡಲಿಲ್ಲ.

ಮುಂದಿನ ಸಲ ಅವಳು ಹೆದರಿ ಬಟ್ಟೆಯನ್ನು ಎರಡು ಪಟ್ಟು ಸುತ್ತಿದಳು. ಹಲ್ಲಿನಲ್ಲಿ ಎಳೆದೆಳೆದು ಗಂಟು ಬಿಗಿದಳು. ಒಂದು ಹನಿಯೂ ಬೀಳಲಿಲ್ಲ. ಸಮಿತಿ ಹೋಯಿತು, ಆದರೆ ಬೇರೆ ಯಾರೋ ದೊಡ್ಡವರು ಬರುವುದಿದೆ ಎಂದು ಮ್ಯಾನೇಜರ್ ಬಿರಡೆ ಕೀಳಲು ಬಿಡಲಿಲ್ಲ. ಅಷ್ಟರಲ್ಲಿ ಬೆಟ್ಟದ ಮೇಲೆ ಜಡಿಮಳೆ ಹಿಡಿದು ಜಲಾಶಯ ಏರಿತು. ಒತ್ತಡಕ್ಕೆ ಗೋಡೆ ಬೇರೆಲ್ಲೋ ಬೆವರತೊಡಗಿದಾಗ, ಈಗಲೇ ಕೀಳಿ ಎಂದು ಮ್ಯಾನೇಜರೇ ಓಡಿಬಂದ. ಮೂಲೆಯ ಬಿರಡೆ ಏಟಿಗೆ ಜಗ್ಗಲಿಲ್ಲ. ಮ್ಯಾನೇಜರ್ ಹಿಂದೆ ನಿಂತು, ಸೂಳೆಮಗನೇ ಏನು ಆಟ ಆಡ್ತೀಯಾ ಎಂದು ಬೈಯುತ್ತಿದ್ದ. ಯಾವತ್ತೂ ತೂತಿನ ಎದುರಿಗೆ ನಿಲ್ಲದ ಅವಳ ಗಂಡ ಅವತ್ತು ನಿಂತ. ಗೋಡೆಗೆ ಒಂದು ಕಾಲು ಕೊಟ್ಟು ಬಗ್ಗಿ ಎರಡೂ ಕೈಯಲ್ಲಿ ಎಳೆದ.

ಧಡ್ ಎಂದದ್ದು ಅವಳಿಗೆ ಕೇಳಿಸಿತು. ಸುತ್ತಿಗೆ ಏಟೆಂದುಕೊಂಡು ಒರೆಸುತ್ತಲೇ ಇದ್ದಳು. ತಿರುಗಿದಾಗ ಅವನು ನೀರಿನಲ್ಲಿ ಅಂಗಾತ ಬಿದ್ದಿದ್ದ. ಎದೆಗೆ ಬಡಿದ ಬಿರಡೆ ಪಕ್ಕದಲ್ಲಿತ್ತು. ಅವಳು ಹಾಕಿದ ಗಂಟು ಬಿಚ್ಚಿರಲಿಲ್ಲ.

ಕುಡಿದು ಮೆಟ್ಟಿಲಿನಿಂದ ಬಿದ್ದ ಎಂದು ಮ್ಯಾನೇಜರ್ ಕಡೆಯವರು ಹೇಳಿದರು. ಅವನು ಕುಡಿಯುತ್ತಿದ್ದ, ಸುಳ್ಳಲ್ಲ. ಆದರೆ ಬಿರಡೆಯ ಕೆಲಸವಿದ್ದಾಗ ಮುಟ್ಟುತ್ತಿರಲಿಲ್ಲ. ಈಗ ಸಮಿತಿ ಆ ಸಾವನ್ನೂ ವಿಚಾರಿಸಲು ಬರುತ್ತಿತ್ತು. ಮ್ಯಾನೇಜರ್ ಅವಳನ್ನು ಕೋಣೆಗೆ ಕರೆಸಿ ಬಾಗಿಲ ಹತ್ತಿರವೇ ನಿಲ್ಲಿಸಿ ಮಾತಾಡಿದ. ಕುಡಿದಿದ್ದ ಎಂದು ಸಮಿತಿಯ ಮುಂದೆ ಹೇಳಿದರೆ ಕೆಲಸ ಉಳಿಯುತ್ತದೆ, ಇರುವ ಖೋಲಿ ಉಳಿಯುತ್ತದೆ, ಮಗಳು ಕಾಲೋನಿಯ ಶಾಲೆಯಲ್ಲೇ ಓದಬಹುದು. ಇಲ್ಲದಿದ್ದರೆ ಮೂವತ್ತು ಮೈಲಿ ಕೆಳಗಿನ ಊರಿನ ಬೀದಿಯೇ ಗತಿ. "ಸತ್ತೋನಿಗೆ ಮರ್ಯಾದೆ ಕಟ್ಕೊಂಡು ಏನಾಗ್ಬೇಕು? ಇರೋರಿಗೆ ಸೂರು ಬೇಕಲ್ವಾ?"

ಅವಳು ಹೂಂ ಎಂದಳು. ಹೊಟ್ಟೆ ಹೂಂ ಎನ್ನಿಸಿತು. ಮನೆಗೆ ಬಂದು ಮಗಳಿಗೆ ಹೇಳಿದಾಗ ಆ ಹುಡುಗಿ, "ಅಪ್ಪ ಕುಡುಕ ಅಂತ ನೀನೇ ಹೇಳ್ತೀಯಾ?" ಎಂದು ಒಂದೇ ಮಾತು ಕೇಳಿತು. ಅಮ್ಮನ ಕಡೆ ಬೆನ್ನು ಮಾಡಿ ಮಲಗಿತು.

ಅವನ ಬದಲಿಗೆ ಕಾಲೋನಿಯ ಬಡಗಿ ಹೊಸ ಬಿರಡೆ ಕೆತ್ತಿಕೊಟ್ಟ. ಅದಕ್ಕೆ ಸುತ್ತಲು ಮನೆಯಲ್ಲಿ ಚಿಂದಿ ಉಳಿದಿರಲಿಲ್ಲ. ಉಳಿದದ್ದು ಗೂಟಕ್ಕೆ ನೇತುಹಾಕಿದ್ದ ಅವನ ನೀಲಿ ಗೆರೆಯ ಅಂಗಿ. ಅದನ್ನು ಮುಖಕ್ಕೆ ಒತ್ತಿ ಹಿಡಿದು ಸಾಕಾಗುವಷ್ಟು ಅತ್ತಳು. ಆಮೇಲೆ ಹರಿದಳು. ಮೂಲೆಯ ತೂತಿನ ಬಿರಡೆಗೆ ತೋಳು ಸುತ್ತಿದಳು. ಗಂಟು ಬಿಗಿಯಲು ಹೋದರೆ ಕೈ ಕೇಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. ಕೊನೆಗೆ ಗಂಟನ್ನು ಸಡಿಲವಾಗಿಯೇ ಬಿಟ್ಟಳು.

ಇವತ್ತು ಗೋಡೆ ಒರೆಸಿ ಮುಗಿಯುತ್ತಲೇ ಸಮಿತಿ ಇಳಿದು ಬಂತು. ಹೆಲ್ಮೆಟ್ಟು, ಟಾರ್ಚು, ಪಾಲಿಶ್ ಮಾಡಿದ ಬೂಟುಗಳು. ಮುಂದಿದ್ದ ವಯಸ್ಸಾದ ಅಧಿಕಾರಿ ಗೋಡೆಯನ್ನು ಸವರಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಮೆಚ್ಚಿದರು. ಮ್ಯಾನೇಜರ್ ಕೈ ಕಟ್ಟಿಕೊಂಡು ನಕ್ಕ. ಅದೇ ಹೊತ್ತಿಗೆ ಮೂಲೆಯ ಬಿರಡೆ ಜಿನುಗತೊಡಗಿತು. ಮೇಸ್ತ್ರಿ ಮೊದಲು ಕಂಡ. ಯಾರಿಗೂ ಕಾಣದಂತೆ ಅವಳ ರಟ್ಟೆ ಹಿಡಿದು ತಳ್ಳಿ, "ಬೆನ್ನು ಕೊಟ್ಟು ನಿಂತ್ಕೊಳೇ ಅಲ್ಲಿ. ಅಲ್ಲಾಡಿದ್ರೆ ನೋಡು," ಎಂದು ಕಿವಿಯಲ್ಲಿ ಉಸುರಿದ.

ಅವನು ಸತ್ತ ಜಾಗದಲ್ಲಿ, ಅವನನ್ನು ಕೊಂದ ತೂತಿಗೆ ಬೆನ್ನು ಕೊಟ್ಟು ಅವಳು ನಿಂತಳು. ಸೀರೆ ನೆನೆಯಿತು. ನೀರು ತೊಡೆಯ ಗುಂಟ ಇಳಿದು ಹಿಮ್ಮಡಿ ಮುಟ್ಟಿತು. ಐಸಿನಂಥ ನೀರು. ಅಂಗಿಯ ತೋಳು ಸೊಂಟಕ್ಕೆ ಒತ್ತುತ್ತಿತ್ತು.

"ಇವರೇ ಸಾರ್, ಆತನ ಹೆಂಡತಿ," ಎಂದ ಮ್ಯಾನೇಜರ್.

ಅಧಿಕಾರಿ ಹತ್ತಿರ ಬಂದರು. ದನಿಯಲ್ಲಿ ಕನಿಕರವಿತ್ತು. "ಹೆದರಬೇಡಮ್ಮಾ. ಅವತ್ತು ನಿಮ್ಮ ಯಜಮಾನರು ಕುಡಿದಿದ್ರಾ?"

ಅವಳು ಮ್ಯಾನೇಜರನ ಮುಖ ನೋಡಿದಳು. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಬೆನ್ನ ಹಿಂದೆ ಬಿರಡೆ ಒಂದಿಷ್ಟು ಹೊರಳಿತು. ಅಧಿಕಾರಿ ತೂತಿನ ನೇರಕ್ಕೇ ನಿಂತಿದ್ದರು.

"ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್," ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅವಳು ಅವರ ತೋಳು ಹಿಡಿದು ಬದಿಗೆ ಸರಿಸಿದಳು. ಅಂಥವರನ್ನು ಅವಳು ಮುಟ್ಟಿದ್ದು ಕಂಡು ಮ್ಯಾನೇಜರ್ ಬಾಯಿ ತೆರೆದ. ಬಿರಡೆ ಕೀಳುವ ಕೆಲಸ ಈಗ ಅವಳದ್ದೇ ಆದ್ದರಿಂದ ಗಂಡನ ಸುತ್ತಿಗೆ ಅವಳ ಬಕೆಟ್ಟಿನಲ್ಲೇ ಇತ್ತು. ತೆಗೆದುಕೊಂಡು ಓರೆಗೆ ನಿಂತಳು. ಎಡಕ್ಕೊಂದು, ಬಲಕ್ಕೊಂದು.

ಬಿರಡೆ ಹಾರಿ ಎದುರು ಗೋಡೆಗೆ ಬಡಿದು ಸೀಳಿತು. ರಟ್ಟೆ ಗಾತ್ರದ ನೀರು ಅದರ ಹಿಂದೆಯೇ ನುಗ್ಗಿತು. ಹೆಲ್ಮೆಟ್ಟುಗಳು ಕೂಗುತ್ತ ಹಿಂದೆ ಸರಿದವು. ಬೂಟುಗಳು ಮುಳುಗಿದವು. ನೀಲಿ ಗೆರೆಯ ತೋಳು ನೀರಿನಲ್ಲಿ ಬಿಚ್ಚಿಕೊಂಡು, ತೇಲಿ ಬಂದು, ಅಧಿಕಾರಿಯ ಕಾಲಿಗೆ ಸುತ್ತಿಕೊಂಡಿತು.

"ಒರೆಸ್ರೇ ಮುಂಡೇರಾ, ನೋಡ್ತಾ ನಿಂತಿದೀರಲ್ಲ," ಎಂದು ಮೇಸ್ತ್ರಿ ಅರಚಿದ. ಮೂವರು ಹೆಂಗಸರಲ್ಲಿ ಒಬ್ಬಳು ಕೈಲಿದ್ದ ಬಟ್ಟೆಯನ್ನು ನೀರಿಗೆ ಬಿಟ್ಟಳು. ಉಳಿದವರೂ ಬಿಟ್ಟರು.

"ಅವರು ಕುಡಿದಿರ್ಲಿಲ್ಲ ಸಾರ್," ಎಂದಳು ಅವಳು. ಸುತ್ತಿಗೆಯಿಂದ ಮ್ಯಾನೇಜರನತ್ತ ತೋರಿಸಿದಳು. "ನಾನು ಬಿಗಿಯಾಗಿ ಸುತ್ತಿದ್ದೆ. ಇವರು ಸುತ್ತಿಸಿದ್ರು."

ಹಾಗೆಂದು ಮುಂದಿನ ತೂತಿನ ಹತ್ತಿರ ಹೋಗಿ, ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು, ಸುತ್ತಿಗೆ ಎತ್ತಿದಳು.