ಕೂಲಿಯೋ ಗೇಣಿಯೋ

“ಒತ್ತೇ ಮುಂಡೆ! ಸರ್ಕಾರದ ಜೀಪು ನಿಂಗೆ ಅಂತ ದಿನಾ ಬರ್ತದಾ?” ಶಾಲೆಯ ಜಗಲಿಯಿಂದ ಗದರಿದರು ಗದ್ದೆಯ ಒಡೆಯ ಹೂವಯ್ಯ.

“ಮುಂಡೆ ಇನ್ನೂ ಆಗ್ಲಿಲ್ಲ ಒಡೆಯಾ. ನಮ್ಮನೆಯೋರು ಉಸಿರಾಡ್ತಿದಾರೆ.”

ಗುತ್ಯಮ್ಮನ ಗಂಡ ಬೆಳ್ಳಪ್ಪ ಶಾಲೆಯ ಅಂಗಳದಲ್ಲಿ ಕಂಬಳಿಯ ಮೇಲೆ ಮಲಗಿದ್ದ. ಮೊನ್ನೆ ಹೂವಯ್ಯನವರ ಸೊಪ್ಪಿನಬೆಟ್ಟದಲ್ಲಿ ಮತ್ತಿಮರದಿಂದ ಬಿದ್ದವನಿಗೆ ಸೊಂಟದ ಕೆಳಗೆ ಇರುವೆ ಕಚ್ಚಿದರೂ ತಿಳಿಯುತ್ತಿರಲಿಲ್ಲ. ಹೂವಯ್ಯನವರ ಎರಡು ಗದ್ದೆಗಳನ್ನು ಗೇಣಿಗೆ ಮಾಡುವವನು ಮಳೆಗಾಲದಲ್ಲಿ ಅವರ ಕೊಟ್ಟಿಗೆಗೆ ಸೊಪ್ಪು ಕಡಿದು ಹಾಕಲೇಬೇಕು. ಅದು ಅಪ್ಪನ ಕಾಲದಿಂದ ಬಂದ ಬಿಟ್ಟಿ. ಅದನ್ನು ಕೂಲಿ ಎಂದು ಯಾರೂ ಕರೆದಿರಲಿಲ್ಲ.

ಹೋದ ವಾರ ಇದೇ ಜಗಲಿಯಲ್ಲಿ ಸರ್ಕಾರದ ಹೊಸ ಆರೋಗ್ಯ ವಿಮೆಯ ಚರ್ಚೆ ನಡೆದಿತ್ತು. “ಕೂಲಿಗಳಿಗೆ ವಿಮೆ ಕೊಟ್ರೆ ಸೀನಿದ್ದಕ್ಕೂ ಆಸ್ಪತ್ರೆ ಸೇರ್ತಾವೆ. ಇಕ್ಕೇರಿ ದೇವರಾಣೆ, ನಮ್ಮೂರಿಗೆ ಬೇಡ” ಎಂದು ಹೂವಯ್ಯ ಗುಡುಗಿದ್ದರು. ಬೇಕೇ ಬೇಕೆಂದು ಅಂಗಳ ಕೂಗಿತ್ತು. ಆಮೇಲೆ ಹೂವಯ್ಯ ಸಾಗರಕ್ಕೆ ಹೋಗಿ ವಕೀಲರನ್ನು ಕಂಡು ಬಂದರು. ಇವತ್ತು ವಿಮೆ ಬೇಕೆನ್ನುವವರು ಅವರೇ.

ವಿಮೆ ಸಾಹೇಬರು ಜೀಪಿನಲ್ಲಿ ತಂದ ಫಾರಮಿನಲ್ಲಿ ಕೆಲಸಕ್ಕೆ ಇದ್ದದ್ದು ಒಂದೇ ಖಾನೆ. ಕೂಲಿ ಎಂದು ಹೆಬ್ಬೆಟ್ಟು ಒತ್ತಿದರೆ ಜೀಪು ಬೆಳ್ಳಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಒಯ್ಯುತ್ತದೆ. ಆದರೆ ಕೂಲಿಯವನು ಗೇಣಿದಾರನಲ್ಲ. ಉಳುವವನಿಗೇ ಭೂಮಿ ಎನ್ನುವ ಹೊಸ ಕಾನೂನಿನಲ್ಲಿ ಗದ್ದೆ ಕೇಳುವಂತಿಲ್ಲ.

“ಎರಡೂ ಬರ್ಕಳಿ ಸ್ವಾಮಿ,” ಎಂದಳು ಗುತ್ಯಮ್ಮ.

ವಿಮೆ ಸಾಹೇಬರು ಕನ್ನಡಕ ಒರೆಸಿಕೊಂಡರು. “ಜಾಗ ಇಲ್ಲಮ್ಮ.”

“ಗದ್ದೆ ಹೂಡಿದೋರೂ ಅವ್ರೇ, ಮರ ಹತ್ತಿದೋರೂ ಅವ್ರೇ. ನಂಗೇನು ಇಬ್ರು ಗಂಡಂದಿರಾ?”

ಅಂಗಳ ನಕ್ಕಿತು. ಹೂವಯ್ಯನವರ ಮುಖ ಬಿಗಿಯಿತು. “ಗೇಣಿ ಅಂತ್ಲೇ ಬರೆಸು. ಹಂಗಾರೆ ಕೂಲಿಯಲ್ಲದ ಸೂಳೆಮಗ ಕತ್ತಿ ಹಿಡ್ಕಂಡು ನನ್ನ ಬೆಟ್ಟಕ್ಕೆ ಎಂತಕ್ಕೆ ಬಂದ? ಕಳ್ಳ ಅಂತ ಪೊಲೀಸರಿಗೆ ಹೇಳ್ತೀನಿ.”

ಮೈದುನ ನಿಂಗಪ್ಪ ಅವಳ ಪಕ್ಕಕ್ಕೆ ಬಂದ. “ಒತ್ತಿಬಿಡು ಅತ್ತಿಗೆ. ಅಣ್ಣ ಉಳೀಲಿ.”

“ಇವತ್ತು ಇವ್ಳು ಒತ್ತಿದ್ರೆ ನಾಳೆ ನಮ್ಮೆಲ್ರ ಹೆಬ್ಬೆಟ್ಟೂ ಕೇಳ್ತಾರೆ!” ಎಂದ ಪಕ್ಕದ ಗದ್ದೆಯ ಜಟ್ಟಿಂಗಪ್ಪ.

“ನಿನ್ನ ಸೊಂಟ ಮುರ್ದಿದ್ರೆ ಈ ಮಾತು ಬರ್ತಿತ್ತೇನೋ ಬೋಳಿಮಗನೆ?” ನಿಂಗಪ್ಪ ಅವನ ಮೇಲೆ ಏರಿಹೋದ.

ಗುತ್ಯಮ್ಮ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಗಂಡನ ಬಳಿ ಕುಕ್ಕರಿಸಿದಳು. ಬೆಳ್ಳಪ್ಪ ಕಣ್ಣು ಬಿಟ್ಟ.

“ನೆಟ್ಟಿ ಮುಗೀತಾ?”

“ಕೆಳಗಿನ ಗದ್ದೆ ಬಾಕಿ.”

“ಬಿಡ್ಬೇಡ ಮಾರಾಯ್ತಿ.”

ಈ ಮಳೆಗಾಲದಲ್ಲಿ ಯಾರು ನೆಡುತ್ತಾರೋ ಅವರ ಹೆಸರನ್ನೇ ಶಾನುಭೋಗರು ಗದ್ದೆಯ ಪಹಣಿಗೆ ಬರೆದುಕೊಳ್ಳುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳು ಎದ್ದು ಜಗಲಿಗೆ ಹೋದಳು. ಫಾರಮನ್ನು ದಾಟಿ ಕೈ ಚಾಚಿ, ಹೂವಯ್ಯನವರ ಹೆಗಲ ಬಿಳಿ ಶಲ್ಯಕ್ಕೆ ಹೆಬ್ಬೆಟ್ಟು ಒತ್ತಿದಳು.

“ಗುರುತು ಕೇಳಿದ್ರಲ್ಲ ಒಡೆಯಾ. ಇಟ್ಕಳಿ.”

ಯಾರೂ ನಗಲಿಲ್ಲ. ಜೀಪು ಖಾಲಿಯೇ ಹೊರಟುಹೋಯಿತು.

ಜಗಳವಾಡಿದ ಇಬ್ಬರೇ ಕಂಬಳಿಗೆ ಬಿದಿರು ತೂರಿಸಿ ಜೋಲಿ ಎತ್ತಿದರು. ಬಸ್ಸಿನ ರಸ್ತೆಗೆ ಆರು ಮೈಲಿ. ಮಲಗಿದವನನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ, ಅದನ್ನು ದೇವರೇ ಬಲ್ಲ. ಗುತ್ಯಮ್ಮ ಜೋಲಿಯ ಹಿಂದೆ ಕೆಳಗಿನ ಗದ್ದೆಯವರೆಗೆ ನಡೆದು ನಿಂತಳು. ಆಚೆ ಅಂಚಿನಲ್ಲಿ ಹೂವಯ್ಯನವರ ಆಳು ನೇಗಿಲು ಹೊತ್ತು, ಎತ್ತು ಹಿಡಿದು ಕಾಯುತ್ತಿದ್ದ.

“ನೀನು ಬರಲ್ವಾ ಅತ್ತಿಗೆ?”

“ನಾ ಬಂದ್ರೆ ಆ ಆಳು ಗದ್ದೆಗೆ ಇಳೀತಾನೆ. ನೀವು ಹೋಗಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಕೆಸರಿಗಿಳಿದಳು. ಸಸಿಯ ಕಟ್ಟು ಬಿಚ್ಚಿ ಒಂದು ಸಾಲು ನೆಟ್ಟಳು. ಜೋಲಿ ದಿಬ್ಬದಾಚೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ನಿಂಗಪ್ಪನ ಕೂಗು ಕೇಳಿಸಿತು: “ಅತ್ತಿಗೇ... ಓ ಅತ್ತಿಗೇ...”

ಎತ್ತುಗಳು ಅಂಚಿನ ಮೇಲೆ ಒಂದು ಹೆಜ್ಜೆ ಮುಂದೆ ಬಂದವು. ಗುತ್ಯಮ್ಮ ತಲೆ ಎತ್ತದೆ ಇನ್ನೊಂದು ಸಸಿ ಊರಿದಳು.