ಎರಡು ಇಟ್ಟಿಗೆಯ ಹೊಸ್ತಿಲು

ಚಹಾ ಕೊಟ್ಟು ಮನೆ ಕಳೆದುಕೊಂಡವಳು ಇಡೀ ಇಚಲಕರಂಜಿಯಲ್ಲಿ ಸಾವಿತ್ರವ್ವ ಒಬ್ಬಳೇ ಇರಬೇಕು. ಕಳೆದುಕೊಳ್ಳಲು ಅವಳಿಗೆ ಮನೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ಬಸ್ ನಿಲ್ದಾಣದ ಹಿಂದೆ, ಮುಚ್ಚಿಹೋದ ಮಗ್ಗದ ಕಾರ್ಖಾನೆಯೊಂದರ ಉದ್ದನೆಯ ಗೋಡೆ. ಅದಕ್ಕೆ ಒಂದು ತಾಡಪತ್ರಿ ಇಳಿಬಿಟ್ಟುಕೊಂಡು ಸಾವಿತ್ರವ್ವ, ಅವಳ ಸೊಸೆ ಮಂಗಲ ಎರಡು ವರ್ಷದಿಂದ ಬದುಕುತ್ತಿದ್ದರು. ಅದಕ್ಕೂ ಮೊದಲು ಯಡ್ರಾವದಲ್ಲಿ ಸಾವಿತ್ರವ್ವನ ಗಂಡ ಮಲ್ಲಾರಿ ಕಾವಲಿದ್ದ ಪವರ್‌ಲೂಮ್ ಶೆಡ್ಡಿನ ಅಟ್ಟವೇ ಅವರ ಮನೆ. ಮಲ್ಲಾರಿ ತೀರಿಕೊಂಡ. ಮಾಲಕ ಮಗ್ಗಗಳನ್ನು ತೂಕಕ್ಕೆ ಹಾಕಿ ಗುಜರಿಗೆ ಮಾರಿದ. ಅಟ್ಟದಲ್ಲಿದ್ದವರು ತೂಕಕ್ಕೆ ಬರಲಿಲ್ಲ, ಬೀದಿಗೆ ಬಂದರು. ಮಗ ಕೇದಾರಿ ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಹಮಾಲಿ ಮಾಡಿ ಅಲ್ಲೇ ಬೆಲ್ಲದ ಪೆಂಟೆಗಳ ನಡುವೆ ಮಲಗುತ್ತಿದ್ದ; ಸೋಮವಾರಕ್ಕೊಮ್ಮೆ ಸಿಹಿ ವಾಸನೆಯನ್ನೂ ನಾಲ್ಕು ಇರುವೆಗಳನ್ನೂ ಹೊತ್ತುಕೊಂಡು ಬರುತ್ತಿದ್ದ.

ಸಾವಿತ್ರವ್ವ ಗಡಹಿಂಗ್ಲಜ ಕಡೆಯ ಕುರಿಗಾರರ ಮಗಳು. ಕುರಿಗಾರರಿಗೆ ಮನೆಯೆಂದರೆ ಗೋಡೆಯಲ್ಲ, ಕಂಬಳಿ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಕರಿ ಕಂಬಳಿ ಬಿದ್ದಲ್ಲಿ ಸಂಸಾರ. ಬಂದವನನ್ನು ಅದರ ಮೇಲೆ ಕೂರಿಸದೆ, ಒಲೆಯ ಮೇಲೆ ಏನಾದರೊಂದು ಕುದಿಸಿ ಕೊಡದೆ ಕಳಿಸಿದರೆ ಹಿಂಡಿಗೆ ಕೇಡು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಹಿಂಡು ಹೋಗಿ ಮೂವತ್ತು ವರ್ಷವಾಗಿತ್ತು. ಕಂಬಳಿ ಉಳಿದಿತ್ತು, ಕೇಡಿನ ಅಂಜಿಕೆಯೂ ಉಳಿದಿತ್ತು. ಹೀಗಾಗಿ ತಾಡಪತ್ರಿಯ ಮುಂದೆ ಎರಡು ಇಟ್ಟಿಗೆ ಹೂಳಿ, ಅರಿಸಿನ ಬಳಿದು, ಅದನ್ನು ಹೊಸ್ತಿಲೆಂದು ಕರೆದಿದ್ದಳು. ಚಪ್ಪಲಿ ಮೆಟ್ಟಿ ಅದನ್ನು ದಾಟಿದವರು ಅವಳ ಬಾಯಿಗೆ ಸಿಕ್ಕು ಉಳಿದದ್ದಿಲ್ಲ.

ಚಳಿಗಾಲದಲ್ಲಿ ಮನೆಯಿಲ್ಲದವರ ಯಾದಿ ಮಾಡಲು ಸರ್ವೆಯವರು ಬಂದರು. ಕಚೇರಿಯಿಂದ ಗುತ್ತಿಗೆ ಹಿಡಿದ ಯಾವುದೋ ಸಂಸ್ಥೆಯ ಜನ. ಸರ್ಕಾರದ ಕಣ್ಣಲ್ಲಿ ಮನೆಯಿಲ್ಲದವರ ಚಿತ್ರ ಮೊದಲೇ ಬರೆದಿಟ್ಟಿರುತ್ತದೆ: ತಲೆ ಕೆದರಿರಬೇಕು, ಕೈ ಚಾಚಿರಬೇಕು, ಮುಖ ನೆಲ ನೋಡುತ್ತಿರಬೇಕು. ಸಾವಿತ್ರವ್ವ ತಲೆ ಬಾಚಿ, ಕುಂಕುಮವಿಲ್ಲದ ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು, "ಬರ್ರಿ, ಒಳಗ ಬರ್ರಿ," ಎಂದು ಕರೆದಳು. ಒಳಗೆ ಎಂಬುದೇ ಇಲ್ಲದ ಕಡೆ ಅವರು ಒಳಗೆ ಬಂದರು; ಬೂಟು ಬಿಚ್ಚಿದರು; ಕಂಬಳಿಯ ಮೇಲೆ ಕೂತು ಚಹಾ ಕುಡಿದರು. ಇದು ಯಾರ ಮನೆ ಎಂದು ಕೇಳಿದಾಗ, ನಮ್ಮದೇ, ಮತ್ತ್ಯಾರದು ಎಂದಳು. ಅವರು ಬರೆದುಕೊಂಡರು: ಮನೆ, ಸ್ವಂತ.

ಅದೇ ಗೋಡೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಯಮನಪ್ಪ ಸರ್ವೆಯವರನ್ನು ಅವರ ಹಿರಿಯರ ಸಮೇತ ಬೈದು, ಒಂದು ಹಳೇ ಅಟ್ಟೆ ಬೀಸಿ ಒಗೆದ. ಅವನ ಹೆಸರು ಯಾದಿಯಲ್ಲಿ ಬಂತು. ಈಗ ಅವನು ಊರಿನ ನಿವಾರಾ ಕೇಂದ್ರದಲ್ಲಿ, ಅಂದರೆ ಬೀದಿಯವರಿಗಾಗಿ ಸರ್ಕಾರ ತೆರೆದ ಆಸರೆಯ ಮನೆಯಲ್ಲಿ, ಹದಿನಾಲ್ಕನೇ ನಂಬರಿನ ಹಾಸಿಗೆಯ ಒಡೆಯ. ಹಗಲು ಮಾತ್ರ ತನ್ನ ಮೂಲೆಗೆ ಬಂದು ಚಪ್ಪಲಿ ಹೊಲಿಯುತ್ತ ಅವಳನ್ನು ಚುಚ್ಚುತ್ತಿದ್ದ.

"ನಾ ಬೈದೆ, ಹಾಸಗಿ ಕೊಟ್ರು. ನೀ ಚಾ ಕೊಟ್ಟಿ, ಮನಿ ಐತಿ ಅಂತ ಬರದ್ರು. ಇನ್ನಾರ ಬೈಯೂದು ಕಲಿಯಕ್ಕಾ."

ನಗುತ್ತಿದ್ದಳು ಸಾವಿತ್ರವ್ವ. ಆದರೆ ಮೇ ತಿಂಗಳು ಅರ್ಧ ಕಳೆದಿತ್ತು. ಮಂಗಲಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಮೃಗಶಿರ ಮಳೆ ಹಿಡಿದರೆ ಗೋಡೆಯ ಬುಡದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ನಿವಾರಾ ಕೇಂದ್ರದ ಹೆಂಗಸರ ಕೋಣೆ ಭರ್ತಿಯಾಗಿತ್ತು. ಸಂಸಾರಸ್ಥರಿಗೆಂದು ಇದ್ದದ್ದು ಒಂದೇ ಕೋಣೆ, ಅದು ಖಾಲಿಯೇ ಇತ್ತು, ಅದಕ್ಕೆ ಬೀಗವಿತ್ತು. ಯಾದಿಯಲ್ಲಿ ಹೆಸರಿದ್ದವರಿಗೆ ಮಾತ್ರ ಆ ಕೋಣೆ, ಮುಂದೆ ಸರ್ಕಾರದ ಘರಕುಲ ಯೋಜನೆಯ ಮನೆಗೆ ಅರ್ಜಿಯೂ ಅವರದೇ. ಖಾಲಿ ಕೋಣೆಗೆ ಬೀಗ, ತುಂಬಿದ ಬಸುರಿಗೆ ಗೋಡೆ. ಇದಕ್ಕೆ ನಿಯಮ ಎಂದು ಹೆಸರು.

ಕೇಂದ್ರದಲ್ಲಿ ಕೆಲಸ ಮಾಡುವ ರುತುಜಾ ಮೂರು ಸಲ ತಕರಾರು ಅರ್ಜಿ ಬರೆದಳು. ಕೊನೆಗೆ ಮೇಲಿನ ಸಾಹೇಬರೊಬ್ಬರು ಖುದ್ದು ನೋಡಿ ತೀರ್ಮಾನಿಸುವುದೆಂದು ಉತ್ತರ ಬಂತು. ಅವರು ಬರುವ ಹಿಂದಿನ ದಿನ ರುತುಜಾ ಬಂದು ಸಾವಿತ್ರವ್ವನಿಗೆ ತಾಲೀಮು ಕೊಟ್ಟಳು. ಕಂಬಳಿ ಹಾಸಬಾರದು. ಚಹಾ ಇಡಬಾರದು. ಒಳಗೆ ಬನ್ನಿ ಎನ್ನಬಾರದು. ಸುಮ್ಮನೆ ತಲೆ ತಗ್ಗಿಸಿ ಕೂತರೆ ಸಾಕು. ತಾನೇ ಸಾಹೇಬಳಾಗಿ ಗೋಡೆಯ ಆಚೆಯಿಂದ ಗತ್ತಿನಲ್ಲಿ ನಡೆದು ಬಂದಳು.

"ಅಯ್ಯ, ಬಿಸಲಾಗ ನಡಕೋತ ಬಂದೀರಿ, ಕುಂದರ್ರಿ," ಎಂದಳು ಸಾವಿತ್ರವ್ವ.

ಹಣೆ ಚಚ್ಚಿಕೊಂಡ ರುತುಜಾ ಐದು ಸಲ ಬಂದಳು. ಐದು ಸಲವೂ ಸಾವಿತ್ರವ್ವ ಅವಳನ್ನು ಕೂರಿಸಿದಳು. ಆರನೆಯ ಸಲ ಹಲ್ಲು ಕಚ್ಚಿ ಸುಮ್ಮನಿದ್ದಳು, ಆದರೆ ಕೈ ತಾನಾಗಿ ಕಂಬಳಿಯ ಅಂಚು ಬಿಡಿಸತೊಡಗಿತ್ತು. ಕಡೆಗೆ ಮಂಗಲ ಕಂಬಳಿಯನ್ನೂ ಸಕ್ಕರೆ ಡಬ್ಬಿಯನ್ನೂ ಯಮನಪ್ಪನ ಚೀಲದಲ್ಲಿ ಬಚ್ಚಿಟ್ಟಳು.

ಮರುದಿನ ನಡುಮಧ್ಯಾಹ್ನ ಸಾಹೇಬರು ಬಂದರು. ಉದಗಾಂವದ ಜಿನಪಾಲ, ದುಂಡನೆಯ ಆಸಾಮಿ, ಮನೆಮಾತು ಕನ್ನಡವೇ. ಬಿಸಿಲಿಗೆ ಮುಖ ಕೆಂಪಾಗಿ, ಅಂಗಿ ಬೆನ್ನಿಗಂಟಿ, ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ಇಟ್ಟಿಗೆಗಳ ಆಚೆ ನಿಂತರು. ಸಾವಿತ್ರವ್ವ ತಲೆ ತಗ್ಗಿಸಿದಳು. ಒಂದನೇ ಪ್ರಶ್ನೆಗೆ ಉತ್ತರಿಸಿದಳು, ಎರಡನೆಯದಕ್ಕೂ ಉತ್ತರಿಸಿದಳು. ಮೂರನೆಯದು ಕೇಳುವಾಗ ಸಾಹೇಬರ ಗಲ್ಲದಿಂದ ಬೆವರಿನ ಹನಿಯೊಂದು ಫೈಲಿನ ಮೇಲೆ ಬಿತ್ತು. ಅಷ್ಟೇ. ಮೂವತ್ತು ವರ್ಷದ ಹಿಂದೆ ಹೋದ ಹಿಂಡು ಅವಳ ಎದೆಯಲ್ಲಿ ಒಮ್ಮೆಲೇ ಅರಚಿತು.

"ಯಮನ್ಯಾ, ಕಂಬಳಿ ತಾ," ಎಂದಳು.

ಮಂಗಲ ಕಣ್ಣು ಮುಚ್ಚಿಕೊಂಡಳು. ಸಾಹೇಬರು ಬೂಟು ಬಿಚ್ಚಿ ಹೊಸ್ತಿಲು ದಾಟಿದರು. ನೀರು ಒಲ್ಲೆ ಎಂದರು. ಅವರು ಜೈನರು, ಸೋಸಿ ಕಾಯಿಸಿದ ನೀರಲ್ಲದೆ ಮುಟ್ಟುವವರಲ್ಲ. ಹಾಗಾದರೆ ಕುದ್ದ ಚಹಾಕ್ಕೆ ದೋಷವಿಲ್ಲವಲ್ಲ ಎಂದು ಸಾವಿತ್ರವ್ವ ಒಲೆ ಹೊತ್ತಿಸಿದಳು. ಬಾಯಾರಿದ ಮನುಷ್ಯ, ಒಂದು ಲೋಟ ಕುಡಿದರು. ಶುಂಠಿ ಭಾಳ ಚಲೋ ಬಿದ್ದೈತಿ ಎಂದು ಎರಡನೆಯದೂ ಕುಡಿದರು. ಮೂರನೆಯದಕ್ಕೆ ಬೇಡ ಬೇಡ ಎನ್ನುತ್ತ ಲೋಟ ಚಾಚಿದರು. ತಂಪಾದ ಮೇಲೆ ಫೈಲು ತೆರೆದು ಸಂಕಟದಿಂದ ನುಡಿದರು:

"ಅವ್ವಾ, ಒಲಿ ಐತಿ, ಹಾಸಿಗಿ ಐತಿ, ಬಂದವರಿಗೆ ಉಪಚಾರ ಐತಿ. ಇದನ್ನ ಮನಿ ಅಲ್ಲ ಅಂತ ನಾ ಹೆಂಗ ಬರೀಲಿ?"

ಸಾವಿತ್ರವ್ವನಿಗೆ ಮನೆಯಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹಾಗೆ ಅಂದರೆ ಅತಿಥಿಯನ್ನು ಬೀದಿಯಲ್ಲಿ ಕೂರಿಸಿದಂತಾಗುತ್ತಿತ್ತು. ಸೊಸೆಯ ಹೊಟ್ಟೆ ನೋಡಿದಳು, ಆಕಾಶ ನೋಡಿದಳು. ತಪ್ಪು ತನ್ನದೇ ಎಂದು ಮೊದಲ ಸಲ ಅನ್ನಿಸಿತು. ಜಿನಪಾಲರೂ ಲೇಖಣಿಯ ಮುಚ್ಚಳ ತೆಗೆದು, ಹಾಕಿ, ತೆಗೆದು ಮಾಡುತ್ತಿದ್ದರು.

ಮುಚ್ಚಳದ ಆಟ ನಿಂತಿತು. ಸಾಹೇಬರು ಒಮ್ಮೆ ಎಡಕ್ಕೆ ಸರಿದು ಕೂತರು, ಒಮ್ಮೆ ಬಲಕ್ಕೆ. ಮೂರು ಲೋಟ ಚಹಾ ತನ್ನ ಕೆಲಸ ಶುರು ಮಾಡಿತ್ತು. ಬಚ್ಚಲು ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

ದುಡ್ಡು ಕೊಟ್ಟು ಹೋಗುವ ಪಾಯಖಾನೆ ನಿಲ್ದಾಣದ ಮೂಲೆಯಲ್ಲಿದೆ, ಆದರೆ ಈ ಹೊತ್ತಿಗೆ ಅದರವನು ಕೀಲಿ ಹಾಕಿ ಊಟಕ್ಕೆ ಹೋಗಿರುತ್ತಾನೆ, ಒಂದು ತಾಸು ತಡೆಯಬೇಕು ಎಂದಳು ಸಾವಿತ್ರವ್ವ. ಒಂದು ತಾಸಾ ಎಂದು ಸಾಹೇಬರು ಎದ್ದೇ ನಿಂತರು. ಅವರ ಕಣ್ಣು ದಿಕ್ಕು ಹುಡುಕುತ್ತ ಗೋಡೆಯ ಆ ತುದಿಗೆ ಹೋಯಿತು.

"ಅಲ್ಲಿ ಬ್ಯಾಡ್ರಿ," ಎಂದಳು ಅವಳು ಗಟ್ಟಿಯಾಗಿ. "ಅದು ನಮ್ಮ ಪಡಸಾಲಿ."

ಯಮನಪ್ಪ ಚಪ್ಪಲಿಯೊಳಗೆ ಮುಖ ಹುದುಗಿಸಿ ನಕ್ಕ. ಎಂಟು ದಿನದಿಂದ ಗಂಟು ಮೋರೆ ಹಾಕಿದ್ದ ಮಂಗಲ ಸೆರಗು ಬಾಯಿಗೊತ್ತಿ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಕಾಲಿನ ಮೇಲೊಂದು ಕಾಲು ಹೆಣೆದು ನಿಂತ ಜಿನಪಾಲರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೇನೋ ಹೊಳೆದಂತೆ ಆ ಎರಡು ಹೆಣ್ಣುಜೀವಗಳನ್ನು ಮೊದಲ ಸಲ ನೆಟ್ಟಗೆ ನೋಡಿದರು.

"ಮತ್ತ ನೀವು ರಾತ್ರಿ ಏನ್ ಮಾಡ್ತೀರಿ?"

"ಏನ್ ಮಾಡೂದ್ರಿ. ಅದು ಸಂಜೀ ಏಳಕ್ಕ ಮುಚ್ಚತೈತಿ, ಮುಂಜಾನೆ ಆರಕ್ಕ ತೆಗೀತೈತಿ. ಹೊತ್ತು ಮುಣಗೂದರಾಗ ನಾವು ನೀರು ಕುಡಿಯೂದು ಬಂದ್ ಮಾಡ್ತೇವಿ. ಇಕಿ ಬಸರ ಹೆಂಗಸು, ಇಕಿನೂ."

ಜಿನಪಾಲರ ಮನೆಯಲ್ಲೂ ಸೂರ್ಯಾಸ್ತದ ನಂತರ ಅನ್ನ, ನೀರು ಇಲ್ಲ. ಅವರ ತಾಯಿ ಎಪ್ಪತ್ತು ವರ್ಷದಿಂದ ಹಿಡಿದ ನೇಮ. ಏನೋ ಒಂದು ಸಮಾಧಾನ ಹುಡುಕುವವರಂತೆ, ಅಂದರೆ ನೀವೂ ನಮ್ಮ ಹಾಗೆ ವ್ರತ ಹಿಡಿದಂತಾಯಿತು ಎಂದರು.

"ನಿಮ್ದು ವ್ರತಾರಿ, ಸಾಹೇಬ್ರ," ಎಂದಳು ಸಾವಿತ್ರವ್ವ. "ನಮ್ದು ಬರೇ ಕೀಲಿ."

ಅವಳು ಅದನ್ನು ಕಟುವಾಗಿ ಹೇಳಲಿಲ್ಲ. ಖಾಲಿ ಲೋಟ ಎತ್ತಿಡುತ್ತ, ಹವೆಯ ಸುದ್ದಿ ಹೇಳುವಂತೆ ಹೇಳಿದಳು. ಸಾಹೇಬರ ಬಾಯಿ ಕಟ್ಟಿಹೋಯಿತು. ಕಟ್ಟಿಹಾಕಲಾಗದ್ದು ಇನ್ನೊಂದಿತ್ತು. ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ರಸ್ತೆಗೆ ಓಡಿ ಆಟೋ ತಡೆದರು. ಫೈಲು ಕಂಬಳಿಯ ಮೇಲೇ ಉಳಿಯಿತು.

ಆಟೋ ನಿಂತದ್ದು ನಿವಾರಾ ಕೇಂದ್ರದ ಮುಂದೆ. ರುತುಜಾ ಆಮೇಲೆ ಹೇಳಿದ್ದೇನೆಂದರೆ, ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಜೋರಾಗಿ ಒಳಗೆ ಓಡಿದ, ಅಷ್ಟು ಮೆಲ್ಲಗೆ ಹೊರಗೆ ಬಂದ ಅಧಿಕಾರಿಯನ್ನು ಅವಳು ಕಂಡಿರಲಿಲ್ಲವಂತೆ. ಕೈ ತೊಳೆದು ಬಂದವರು ಫೈಲು ತರಿಸಿದರು. ಶೌಚದ ವ್ಯವಸ್ಥೆ ಎಂಬ ಸಾಲಿನ ಮುಂದೆ ಸರ್ವೆಯವರು 'ಲಾಗೂ ಇಲ್ಲ' ಎಂದು ಬರೆದಿದ್ದರು. ಅದನ್ನು ಅಡ್ಡ ಗೀಟು ಹಾಕಿ ಹೊಡೆದರು. ಬೀಗ ಹಾಕಿದ ಪಾಯಖಾನೆ, ರಾತ್ರಿ ನೀರು ಕುಡಿಯದ ಬಸುರಿ, ಎಲ್ಲವನ್ನೂ ಬರೆದು, ಇದು ವಾಸಯೋಗ್ಯ ಮನೆಯಲ್ಲ, ಇಬ್ಬರನ್ನೂ ಇಂದೇ ಕೋಣೆಗೆ ಸೇರಿಸಿಕೊಳ್ಳತಕ್ಕದ್ದು, ಘರಕುಲದ ಯಾದಿಗೂ ಹೆಸರು ಹಚ್ಚತಕ್ಕದ್ದು ಎಂದರು. ಕೆಳಗೆ ಸಹಿ. ಸಹಿಯ ಮೇಲೆ, ತುಸು ಯೋಚಿಸಿ, ಒಂದು ಸಾಲು: ಸದರಿ ಅಡಚಣೆಯನ್ನು ಖುದ್ದು ಖಾತ್ರಿ ಮಾಡಿಕೊಂಡಿದ್ದೇನೆ.

ಅಂದು ಸಂಜೆ ಬೀಗ ತೆರೆಯಿತು. ಎರಡು ಮಂಚ, ಒಂದು ಕಿಟಕಿ, ಮೂಲೆಯಲ್ಲಿ ಸಣ್ಣ ಬಾಗಿಲು. ಅದರಾಚೆ ಚಿಲಕವಿರುವ, ಬೀಗವಿಲ್ಲದ ಪಾಯಖಾನೆ. ಸಾವಿತ್ರವ್ವ ಇಟ್ಟಿಗೆಗಳನ್ನು ಕಿತ್ತು ತಂದಿದ್ದಳು. ಕೇಂದ್ರದೊಳಗೆ ಇಟ್ಟಿಗೆ ತರಲು ನಿಯಮವಿದೆಯೋ ಇಲ್ಲವೋ ರುತುಜಾಳಿಗೆ ಗೊತ್ತಿರಲಿಲ್ಲ, ಅವಳು ಪುಸ್ತಕ ತೆರೆದು ನೋಡಲೂ ಇಲ್ಲ. ಬಾಗಿಲ ಹೊರಗೆ ಯಮನಪ್ಪ ಇಣುಕಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬಳಿಯ ಮೇಲೆ ಕೂತು, ಬೈದರೇ ಬೇಗ ಆಗುತ್ತಿತ್ತು ಎಂದು ತನ್ನ ವಾದ ಬಿಡದೆ ಸಾಧಿಸಿದ. ಗೋಡೆ ಬದಿಯಲ್ಲಿ ಇನ್ನೂ ಮೂರು ಸಂಸಾರ ಇವೆಯಲ್ಲ, ಅವರಿಗೂ ಚಹಾಪುಡಿ ಒಯ್ದು ಕೊಡಬೇಕು, ಸಾಹೇಬರನ್ನು ಮತ್ತೆ ಕರೆಸಬೇಕು ಎಂದಳು ಸಾವಿತ್ರವ್ವ. ಮೂರು ಲೋಟಕ್ಕೆ ಕಡಿಮೆ ಮಾಡಬಾರದು ಎಂದು ಮಂಗಲ ಸೇರಿಸಿದಳು.

ಕಿಟಕಿಯಾಚೆ ಹೊತ್ತು ಮುಳುಗಿತು. ಮಂಗಲಳ ಕೈ ರೂಢಿಯಂತೆ ಚೊಂಬಿನ ಬಾಯಿಗೆ ತಾಟು ಮುಚ್ಚಲು ಹೋಯಿತು. ಸಾವಿತ್ರವ್ವ ತಾಟು ಸರಿಸಿದಳು, ಚೊಂಬು ಎತ್ತಿ ಸೊಸೆಯ ಕೈಗಿಟ್ಟಳು.

"ಕುಡಿ," ಎಂದಳು. "ಹೊಟ್ಟಿ ತುಂಬ ಕುಡಿ."

ಮಂಗಲ ಗಟಗಟನೆ ಕುಡಿದಳು. ಉಳಿದದ್ದನ್ನು ಅತ್ತೆ ಕುಡಿದಳು. ಆಮೇಲೆ ಮತ್ತೊಂದು ಚೊಂಬು ತುಂಬಿಸಿಕೊಂಡು ಬರಲು ಎದ್ದಳು.