ನಾಲ್ಕು ಸಲ ಸತ್ತ ಗೌಂಡಿ

ಅಬಿಡ್ಸ್‌ನಿಂದ ಲಿಂಗಂಪಲ್ಲಿಯವರೆಗೆ ಯಾರನ್ನು ಬೇಕಾದರೂ ಕೇಳಿ, ನನ್ನಷ್ಟು ಚೆನ್ನಾಗಿ ಸತ್ತವನು ಈ ಹೈದರಾಬಾದಿನಲ್ಲಿ ಇನ್ನೊಬ್ಬನಿಲ್ಲ. ನಾನು ನಾಲ್ಕು ಸಲ ಸತ್ತಿದ್ದೇನೆ. ಮೊದಲ ಸಲ ನಲವತ್ತನೇ ಮಹಡಿಯಿಂದ ಬಿದ್ದೆ. ಬಿದ್ದ ಜಾಗ ಕುಸಿದು ನೀರು ಚಿಮ್ಮಿತು, ಈಗಲೂ ಅಲ್ಲಿ ಟ್ಯಾಂಕರ್ ತುಂಬಿಸಿಕೊಳ್ಳುತ್ತಾರೆ. ಎರಡನೇ ಸಲ ಕರೆಂಟು ಹೊಡೆಯಿತು. ಊರಿನ ದೀಪವೆಲ್ಲ ಆರಿ ನಾನೊಬ್ಬನೇ ಉರಿದೆ. ಮೂರನೇ ಸಲ ಹಾವು. ಕಚ್ಚಿದ ಹಾವೂ ಉಳಿಯಲಿಲ್ಲ. ನಾಲ್ಕನೆಯದಕ್ಕಂತೂ ಅಮೆರಿಕದಿಂದಲೇ ಬಂದು ಅತ್ತರು.

"ಲೇ ಮಲ್ಲ್ಯಾ, ಸುಳ್ಳಿಗೂ ಒಂದು ಮಿತಿ ಇರತೈತಿ, ಸೂಳೆಮಗನ," ಎಂದ ಸೋಮಣ್ಣ.

ಲಿಂಗಂಪಲ್ಲಿ ಸ್ಟೇಷನ್ನಿನ ಹತ್ತಿರದ ಅಡ್ಡಾದಲ್ಲಿ, ಕೂಲಿಗೆ ಕರೆಯುವ ಮೇಸ್ತ್ರಿಗಳ ದಾರಿ ಕಾಯುತ್ತ ಕೂತಿದ್ದೆವು. ಸೋಮಣ್ಣ ನನ್ನ ಜೊತೆ ಗೋಡೆ ಕಟ್ಟುವ ಗೌಂಡಿ, ನನ್ನ ಹಾಗೆಯೇ ಯಾದಗಿರಿ ಕಡೆಯವನು.

"ಮಿತಿ ಸಾಲಿ ಮೇಡಂಗ ಕೇಳು. ಸಾವು ಹೇಳಿಕೊಟ್ಟಾಕಿ ಆಕಿ," ಎಂದೆ.

ನನ್ನ ಮಗಳು ಭವಾನಿಯದು ಅಮೆರಿಕದ ಶಾಲೆ. ಶಾಲೆ ಇಲ್ಲೇ, ಹಳಿಯ ಆಚೆ, ಯಜಮಾನರು ಅಲ್ಲಿ. ಪೈಸೆ ಸಂಬಳ ಮುಟ್ಟದ ಪುಣ್ಯವಂತರ ಮಂಡಳಿ. ವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತು, ಕಾಫಿ ಕುಡಿಯುತ್ತ ನಮ್ಮ ಮಕ್ಕಳಿಗಾಗಿ ಮರುಗುತ್ತಾರೆ. ಮರುಗುವುದು ಅಪ್ಪ ಸತ್ತ ಮಕ್ಕಳಿಗೆ ಮಾತ್ರ. ಅಪ್ಪ ಬದುಕಿದ್ದೂ ಬಡತನವಿದ್ದರೆ ಅದು ಅಪ್ಪನ ತಪ್ಪಂತೆ.

ಸೇರಿಸಲು ಹೋದ ದಿನ ಹೆಡ್‌ಮಿಸ್ಸು ವನಜಾ ಮೇಡಂ ಕೇಳಿದ್ದೇ ಅದು. "ಅಪ್ಪ ಅದಾನೇನು? ಹಂಗಾದ್ರ ಸೀಟಿಲ್ಲ."

"ಇಲ್ರೀ, ಸತ್ತಾನ," ಎಂದಳು ನನ್ನ ಹೆಂಡತಿ ಅಂಬವ್ವ, ಒಂದು ಉಸಿರೂ ತಡೆಯದೆ.

ನಾನು ಬಾಗಿಲಲ್ಲೇ ನಿಂತಿದ್ದೆ. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ ಇಂವ ಯಾರು?"

"ನಮ್ಮೂರ ಗೌಂಡಿ ರೀ."

ಮೇಡಂ ತುಟಿಯಂಚಿನಲ್ಲಿ ನಕ್ಕರು. "ಚಲೋ ಆತು. ನಮ್ಮ ಕಂಪೌಂಡಿನ ಗ್ವಾಡಿ ಬಿರದೈತಿ. ಕೂಲಿ ಕೇಳಬ್ಯಾಡ, ಸತ್ತಾವ್ರು ಕೇಳಂಗಿಲ್ಲ."

ಹೀಗೆ ನಾನು ಸತ್ತೆ. ಸತ್ತ ದಿನವೇ ಕೆಲಸಕ್ಕೂ ಹತ್ತಿದೆ. ಮಂಡಳಿಯಿಂದ ಯಾರಾದರೂ ಬಂದಾಗಲೆಲ್ಲ ಮೇಡಂ ಅಂಬವ್ವನಿಗೆ ಹೊಸ ಸಾವು ಕಲಿಸುತ್ತಿದ್ದರು. ಹಳೆಯ ಸಾವಿಗೆ ಕಣ್ಣೀರು ಬರುವುದಿಲ್ಲವಂತೆ.

ಈ ಸಲ ಬಂದವರು ಶ್ರೀಹರ್ಷ ಮತ್ತು ಅವರ ಹೆಂಡತಿ ಶುಭಾ. ಅಮೆರಿಕಕ್ಕೆ ಹೋಗಿ ನೆಲೆಸಿದ ಮೈಸೂರಿನವರು, ಮಂಡಳಿಯಲ್ಲಿ ದೊಡ್ಡ ಕುಳ. ನಾನು ಗೋಡೆಗೆ ಗಿಲಾವು ಮಾಡುತ್ತಿದ್ದೆ. ಮಾರು ದೂರದಲ್ಲಿ ಅಂಬವ್ವನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕುಂಕುಮ ಅಳಿಸಿದ್ದಳು, ತಾಳಿ ಕುಪ್ಪಸದೊಳಗೆ ಇಳಿದಿತ್ತು. ಪಕ್ಕದಲ್ಲಿ ಭವಾನಿ; ಹೊಸ ಯೂನಿಫಾರಂ ಬಿಚ್ಚಿಸಿ ಹರಕು ಲಂಗ ತೊಡಿಸಿದ್ದರು.

"ಅಮ್ಮಾ, ಯಜಮಾನ್ರು ಹೇಗೆ ಹೋದ್ರು ಅಂತ ಹೇಳಿ. ಕ್ಯಾಮೆರಾ ನೋಡ್ಬೇಡಿ, ನನ್ನ ನೋಡಿ," ಎಂದರು ಶ್ರೀಹರ್ಷ.

ಅಂಬವ್ವ ನನ್ನನ್ನು ನೋಡಿದಳು. "ಬೆಂಕಿ ಹತ್ತಿ ಸತ್ತರು ರೀ."

"ಅಯ್ಯೋ ಪಾಪ," ಎಂದು ಕಣ್ಣೊರೆಸಿಕೊಂಡ ಶುಭಾ ಗಂಡನ ಕಡೆ ವಾಲಿದರು. "ಹರ್ಷ, ಕೈ ತುಂಬ ಹಸಿರು ಬಳೆ ಕಾಣ್ತಿದೆ. ಅಲ್ಲಿ ದುಡ್ಡು ಕೊಡೋರು ಅರ್ಧ ನಮ್ಮವರೇ. ಬಳೆ ನೋಡಿದ್ರೆ ನಂಬ್ತಾರಾ?"

"ತೆಗಿಯವಾ ಬಳಿ," ಎಂದರು ಮೇಡಂ.

"ಇಳಿಯಂಗಿಲ್ರೀ. ಬಿಗಿ ಅದಾವ."

"ಸೀಟು ಬೇಕೋ, ಬಳಿ ಬೇಕೋ?" ಮೇಡಂ ಗೋಡೆಯ ಕಡೆ ತಿರುಗಿದರು. "ಏ ಗೌಂಡಿ! ಸುತ್ತಿಗಿ ತಗೊಂಡು ಬಾ ಇಲ್ಲೆ."

ಆಗ ನಾನೇನು ಮಾಡಿದೆ ಗೊತ್ತೇ? ಸುತ್ತಿಗೆ ಬೀಸಿ ಒಗೆದೆ! ಅದು ಕ್ಯಾಮೆರಾ ಚೂರು ಮಾಡಿ, ಅವರ ಕಾರಿನ ಒಂದು ಗಾಜಿನಿಂದ ಹೊಕ್ಕು ಇನ್ನೊಂದರಿಂದ ಹೊರಟು, ಹಳಿ ದಾಟಿ ಹೋಗಿ ಲೋಕಲ್ ರೈಲಿನ ಗಂಟೆ ಬಾರಿಸಿತು. "ಇಕಿ ನನ್ನ ಹೇಣ್ತಿ! ನಾ ಇನ್ನಾ ಸತ್ತಿಲ್ಲೋ ಬೋಳಿಮಕ್ಕಳ್ರಾ!" ಎಂದು ಗುಡುಗಿದೆ. ಅಮೆರಿಕದಲ್ಲಿ ಕಾಫಿ ಚೆಲ್ಲಿತು. ಶ್ರೀಹರ್ಷ ನನ್ನ ಕಾಲಿಗೆ ಬಿದ್ದವರು ಎದ್ದೇಳಲೇ ಒಲ್ಲರು.

ಅಡ್ಡಾದ ಮಂದಿಯೆಲ್ಲ ಹೋ ಎಂದು ನಕ್ಕರು. ಯಾರೋ ಸಿಳ್ಳೆ ಹೊಡೆದರು.

ಅಷ್ಟರಲ್ಲಿ ಆ ಶಾಲೆಯ ಹಳದಿ ಬಸ್ಸು ಬಂತು. ಕಿಟಕಿಯಲ್ಲಿ ಭವಾನಿ, ಎರಡು ಜಡೆ, ಹೊಸ ಯೂನಿಫಾರಂ. ನನ್ನ ಕೈ ತಾನಾಗಿ ಮೇಲೆದ್ದಿತು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ. ಅವಳು ನನ್ನನ್ನು ದಾಟಿ ಹಿಂದಿನ ಟೀ ಡಬ್ಬಿ ಅಂಗಡಿಯನ್ನು ನೋಡಿದಳು. ಹಾಗೆ ನೋಡಲು ಅವಳಿಗೆ ಕಲಿಸಿದವನು ನಾನೇ.

ಸೋಮಣ್ಣ ನಗು ನಿಲ್ಲಿಸಿದ. "ಲೇ ಮಲ್ಲ್ಯಾ. ನೀ ಸುತ್ತಿಗಿ ಒಗದಿದ್ದರ, ನಿನ ಮಗಳು ಇನ್ನಾ ಆ ಬಸ್ಸಿನ್ಯಾಗ ಹೆಂಗ ಅದಾಳ?"



"ಒಗದಿಲ್ಲ," ಎಂದೆ.

"ಮತ್ತ?"

"ಒಡದೆ."

ಆ ದಿನ ಅಂಬವ್ವ ತಾನೇ ಇಟ್ಟಿಗೆಯ ಮೇಲೆ ಕೈ ಇಟ್ಟಳು. "ಹೊಡಿ. ಕೂಸಿನ ಸೀಟು," ಎಂದಳು, ನನಗಷ್ಟೇ ಕೇಳುವ ಹಾಗೆ. ಹೆಂಡತಿಯ ಬಳೆ ಒಡೆದ ಗಂಡನನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ. ಅದು ಗಂಡ ಹೋದ ಮೇಲಿನ ಕೆಲಸ. ಒಡೆದೆ. ಗಾಜು ಮಣಿಕಟ್ಟಿಗೆ ಹೊಕ್ಕಿತು, ಅವಳು ಕೈ ಕದಲಿಸಲಿಲ್ಲ.

"ಛೇ, ಇದು ರೆಕಾರ್ಡೇ ಆಗಿಲ್ಲ," ಎಂದರು ಶ್ರೀಹರ್ಷ. "ಪರವಾಗಿಲ್ಲ, ಇನ್ನೊಂದು ಕೈ ಇದೆಯಲ್ಲ. ನಿಧಾನವಾಗಿ ಮಾಡಪ್ಪ."

ನಿಧಾನವಾಗಿ ಮಾಡಿದೆ.

ಭವಾನಿಗೆ ತಡೆಯಲಾಗಲಿಲ್ಲ. "ಅಪ್ಪಾ, ಬ್ಯಾಡೋ! ಅಪ್ಪಾ!" ಎಂದು ಚೀರಿದಳು.

"ಮಗು ಅಪ್ಪನ್ನ ನೆನೆಸ್ಕೋತಿದೆ," ಎಂದು ಶುಭಾ ಬಿಕ್ಕಿದರು. "ಹರ್ಷ, ಅವಳ ಮುಖ ತಗೋ, ಬೇಗ!"

ಕ್ಯಾಮೆರಾ ತಿರುಗಿತು. ಶ್ರೀಹರ್ಷ ನನ್ನ ಕಡೆ ಕೈಬೀಸಿದರು. "ಸ್ವಲ್ಪ ಆಚೆ ಹೋಗಪ್ಪ, ನಿನ್ನ ನೆರಳು ಬೀಳ್ತಿದೆ."

ನಾನು ಸುತ್ತಿಗೆ ಹಿಡಿದುಕೊಂಡು ಆಚೆ ಹೋದೆ.